ವಿಶೇಷ ಶಿಕ್ಷಣಕ್ಕೆ ನನ್ನನ್ನು ಎಳೆದದ್ದು

ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಹಳೆಯ ಸಹೋದ್ಯೋಗಿಗಳು ಸಿಕ್ಕಾಗ, ವೈಕಲ್ಯವಿರುವ ಮಕ್ಕಳಿಗೆ ಕಲಿಸುವ ನನ್ನ ಕೆಲಸದ ಮಾತು ಬಂದ ಕೂಡಲೇ ಒಂದೇ ಪ್ರಶ್ನೆ ಎದುರಾಗುತ್ತದೆ. ಚೆನ್ನಾಗಿ ಪಾಠ ಮಾಡಿಕೊಂಡಿದ್ದವರು ಈ ಕಡೆ ಯಾಕೆ ಬಂದಿರಿ? ನಾನು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ: ಪುಣ್ಯದ ಕೆಲಸ ಮೇಡಂ, ಎಲ್ಲರಿಗೂ ಆ ತಾಳ್ಮೆ ಬರುವುದಿಲ್ಲ. ಕೆಲವರು ದನಿ ತಗ್ಗಿಸಿ, ಮನೆಯಲ್ಲಿ ಯಾರಿಗಾದರೂ ತೊಂದರೆ ಇದೆಯೇ ಎಂದು ವಿಚಾರಿಸುತ್ತಾರೆ. ಇಲಾಖೆಯ ಒಳಗಿನವರಾದರೆ ಅವರ ಊಹೆ ಬೇರೆ. ತಾಲ್ಲೂಕು ಕೇಂದ್ರದಲ್ಲಿ ಇರಬಹುದಲ್ಲ, ತರಗತಿಯ ಗದ್ದಲ ತಪ್ಪಿತಲ್ಲ ಎನ್ನುತ್ತಾರೆ. ಕರುಣೆ, ಮನೆಯ ಕಷ್ಟ, ಅನುಕೂಲ, ಈ ಮೂರರಲ್ಲಿ ಒಂದಿಲ್ಲದೆ ಒಬ್ಬ ಶಿಕ್ಷಕಿ ಸಾಮಾನ್ಯ ತರಗತಿಯನ್ನು ಬಿಟ್ಟು ವಿಶೇಷ ಶಿಕ್ಷಣಕ್ಕೆ ಬರಲಾರಳು ಎಂಬುದು ಎಲ್ಲರ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿದೆ.

ನನ್ನ ಕಾರಣ ಈ ಮೂರರಲ್ಲಿ ಯಾವುದೂ ಅಲ್ಲ. ಒಬ್ಬ ಮನುಷ್ಯ ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಬಲ್ಲ ಎಂಬುದನ್ನು ಒಂದು ಮಧ್ಯಾಹ್ನ ಹತ್ತಿರದಿಂದ ನೋಡಿದೆ. ಆ ವಿದ್ಯೆ ನನಗೂ ಬೇಕು ಅನ್ನಿಸಿತು. ಇದನ್ನು ಮದುವೆ ಊಟದ ಪಂಕ್ತಿಯಲ್ಲಿ ಹೇಳಿ ಮುಗಿಸಲು ಆಗುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕಾಲಡಿಗೆ ಒಂದು ಮಣೆ

ಆಗ ನಾನು ತಿಪಟೂರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ನನ್ನ ತರಗತಿಯ ಹಾಜರಾತಿ ಪುಸ್ತಕದಲ್ಲಿ ಶಾಲೆಗೆ ಎಂದೂ ಬರದ ಒಬ್ಬ ಹುಡುಗಿಯ ಹೆಸರಿತ್ತು. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದ ಮೇಲೆ ತೀವ್ರ ಅಂಗವೈಕಲ್ಯವಿರುವ ಮಕ್ಕಳು ಮನೆಯಲ್ಲೇ ಕಲಿಯುವ ಹಕ್ಕನ್ನೂ ಪಡೆದಿದ್ದಾರೆ. ಅವಳೂ ಗೃಹಾಧಾರಿತ ಶಿಕ್ಷಣದ ಪಟ್ಟಿಯಲ್ಲಿದ್ದವಳು. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಸಿಗದ ಸ್ಥಿತಿ), ಮಾತಿಲ್ಲ, ತಾನಾಗಿ ಕುಳಿತುಕೊಳ್ಳಲಾರಳು. ಅವಳ ಯಾವುದೋ ಅರ್ಜಿಗೆ ಸಹಿ ಬೇಕಾಗಿತ್ತು. ಇಂಥ ಮಕ್ಕಳಿಗೆ ಕಲಿಸುವ ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರು ಅದೇ ದಿನ ಅವಳ ಮನೆಗೆ ಹೋಗುವವರಿದ್ದರು, ಜೊತೆಗೆ ಹೋಗಿ ಬನ್ನಿ ಎಂದು ಮುಖ್ಯೋಪಾಧ್ಯಾಯರು ನನ್ನನ್ನು ಕಳಿಸಿದರು.

ಊರಾಚೆ ತೋಟದ ಮನೆ. ಅಪ್ಪ ಅಮ್ಮ ಕೂಲಿಗೆ ಹೋಗಿದ್ದರು, ಅಜ್ಜಿ ಮಾತ್ರ ಇದ್ದರು. ಹುಡುಗಿ ನಡುಮನೆಯಲ್ಲಿ ಚಾಪೆಯ ಮೇಲೆ, ಗೋಡೆಗೆ ಒರಗಿಸಿದ ದಿಂಬುಗಳ ನಡುವೆ ಒಂದು ಕಡೆಗೆ ಜಾರಿದ್ದಳು. ನಾವು ಒಳಗೆ ಬಂದದ್ದಕ್ಕೆ ಅವಳ ಮೈಯೆಲ್ಲ ಸೆಟೆದು ಕೈಗಳು ಮೇಲೆ ಹೋದವು. ಶಿಬಿರದಲ್ಲಿ ಕೊಟ್ಟಿದ್ದ ವಿಶೇಷ ಕುರ್ಚಿ ಎಲ್ಲಿ ಎಂದು ಸಂಪನ್ಮೂಲ ಶಿಕ್ಷಕರು ಕೇಳಿದಾಗ ಅಜ್ಜಿ ಕೈ ತೋರಿಸಿದ್ದು ಒಳಕೋಣೆಯತ್ತ. ಕುರ್ಚಿಯ ಮೇಲೆ ಕೊಬ್ಬರಿ ಚೀಲವಿತ್ತು. ‘ಅದರಲ್ಲಿ ಕೂರಿಸಿದರೆ ಜಾರುತ್ತಾಳೆ ಸಾರ್, ಅಳುತ್ತಾಳೆ’ ಎಂದರು ಅಜ್ಜಿ. ಅವರು ಅಜ್ಜಿಗೆ ಬುದ್ಧಿ ಹೇಳಲಿಲ್ಲ. ಚೀಲ ಇಳಿಸಿ, ಕುರ್ಚಿ ತಂದು ಒರೆಸಿ, ಹುಡುಗಿಯನ್ನು ಕೂರಿಸಿ, ಪಕ್ಕದಲ್ಲಿ ನೆಲದ ಮೇಲೆ ಕುಳಿತು ಬಹಳ ಹೊತ್ತು ಬರೀ ನೋಡಿದರು. ಆಮೇಲೆ ಊಟದ ಮಣೆ ಇದೆಯೇ ಎಂದರು. ನೇತಾಡುತ್ತಿದ್ದ ಪಾದಗಳ ಅಡಿಗೆ ಮಣೆ ಇಟ್ಟರು. ಎತ್ತರ ಸಾಲದೆ ಹೋದಾಗ ಅದರ ಕೆಳಗೆ ಇನ್ನೊಂದು. ಮಡಿಸಿದ ದುಪ್ಪಟಿಯನ್ನು ಸೊಂಟದ ಹಿಂದೆ ಒತ್ತಿ, ಅಜ್ಜಿಯ ಹಳೆಯ ನೂಲಿನ ಸೀರೆಯ ತುಂಡನ್ನು ಅಗಲವಾಗಿ ಮಡಚಿ ತೊಡೆಯ ಮೇಲ್ಭಾಗಕ್ಕೆ ಬಿಗಿಯದಂತೆ ಕಟ್ಟಿದರು. ಕುರ್ಚಿಯನ್ನು ಬಾಗಿಲ ಬೆಳಕಿಗೆ ಬೆನ್ನು ಮಾಡಿ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಅವಳ ಕತ್ತು ನೆಟ್ಟಗಾಯಿತು, ಗಾಳಿಯಲ್ಲಿದ್ದ ಕೈಗಳು ತೊಡೆಯ ಮೇಲೆ ಇಳಿದವು. ‘ಕಾಲಿಗೆ ನೆಲ ಸಿಗದಿದ್ದರೆ ಕೈ ಮಾತು ಕೇಳುವುದಿಲ್ಲ ಮೇಡಂ’ ಎಂದರು ನನ್ನತ್ತ ತಿರುಗಿ, ಅಷ್ಟೇ.

ಪಾಠ ಶುರುವಾದದ್ದು ಅದಾದ ಮೇಲೆ. ಅಡುಗೆಮನೆಯಿಂದ ಒಂದು ಲೋಟ, ಗೋಡೆಯ ಗೂಡಿನಿಂದ ಒಂದು ಬಾಚಣಿಗೆ ತರಿಸಿಕೊಂಡರು. ಎರಡನ್ನೂ ಅವಳ ಕಣ್ಣಿನ ಎತ್ತರದಲ್ಲಿ, ನಡುವೆ ಒಂದು ಮೊಳ ಅಂತರ ಬಿಟ್ಟು ಹಿಡಿದು, ‘ನೀರು ಕುಡಿಯುವುದು ಯಾವುದರಲ್ಲಿ ಪುಟ್ಟಿ?’ ಎಂದು ಕೇಳಿದರು. ಕೇಳಿ ಸುಮ್ಮನಾದರು. ಅವಳು ಮಾಡು ನೋಡಿದಳು, ನನ್ನನ್ನು ನೋಡಿದಳು, ಕಣ್ಣು ಮುಚ್ಚಿ ತೆರೆದಳು. ‘ಅವಳಿಗೇನು ತಿಳಿಯುತ್ತದೆ ಸಾರ್’ ಎಂದು ಅಜ್ಜಿ ಶುರು ಮಾಡಿದಾಗ ಮೃದುವಾಗಿ ತಲೆಯಲ್ಲೇ ಬೇಡವೆಂದರು. ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ, ಲೋಟವನ್ನು ಅಲ್ಲಾಡಿಸಲಿಲ್ಲ, ಮುಖದಲ್ಲಿ ಸುಳಿವು ಕೊಡಲಿಲ್ಲ. ಕೊನೆಗೆ ಅವಳ ನೋಟ ಲೋಟದ ಮೇಲೆ ಬಂದು ಅಲ್ಲೇ ನಿಂತಿತು. ನಾನು ಚಪ್ಪಾಳೆ ತಟ್ಟಲಿದ್ದೆ. ಅವರಿಗೆ ಅಷ್ಟು ಸಾಕಾಗಿರಲಿಲ್ಲ. ಕೈ ಬದಲಿಸಿ, ಲೋಟವನ್ನು ಇನ್ನೊಂದು ಪಕ್ಕಕ್ಕೆ ತಂದು ಅದೇ ಪ್ರಶ್ನೆ ಕೇಳಿದರು. ಅವಳಿಗೆ ಎಡಕ್ಕೆ ನೋಡುವುದು ಸುಲಭವಾದ್ದರಿಂದ ಅತ್ತ ನೋಡಿದಳೋ ಲೋಟವನ್ನು ಆರಿಸಿಯೇ ನೋಡಿದಳೋ ತಿಳಿಯಬೇಕಲ್ಲ. ನೋಟ ನಿಧಾನವಾಗಿ ಲೋಟವನ್ನು ಹಿಂಬಾಲಿಸಿತು. ಆಮೇಲೆ ಪ್ರಶ್ನೆ ಬದಲಾಯಿತು: ತಲೆ ಬಾಚುವುದು ಯಾವುದರಲ್ಲಿ? ನೋಟ ಬಾಚಣಿಗೆಗೆ ಹೋಯಿತು. ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದರು.

ಅವರು ನೋಟ್‌ಬುಕ್ ತೆಗೆದು ಬರೆದುಕೊಂಡರು. ಯಾವ ಪಕ್ಕ, ಎಷ್ಟು ಹೊತ್ತು, ಯಾವ ಪ್ರಶ್ನೆಗೆ ನೋಟ ತಪ್ಪಿತು. ಹಿಂದಿರುಗುವ ದಾರಿಯಲ್ಲಿ ನಾನು ಬೆರಗಿನಿಂದ ಏನೇನೋ ಮಾತಾಡುತ್ತಿದ್ದರೆ ಅವರ ತಲೆಯಲ್ಲಿ ಬೇರೆ ಚಿಂತೆಯಿತ್ತು. ಬಲಗಡೆಗೆ ನೋಟ ತಡವಾಗುತ್ತಿದೆ, ಚಿತ್ರದ ಕಾರ್ಡುಗಳನ್ನು ತರುವ ಮೊದಲು ದೃಷ್ಟಿ ಪರೀಕ್ಷೆ ಆಗಬೇಕು, ವಸ್ತು ಗುರುತಿಸಿದವಳು ಚಿತ್ರವನ್ನೂ ಗುರುತಿಸುತ್ತಾಳೆಂದು ಹೇಳಲಾಗುವುದಿಲ್ಲ ಎಂದರು.

ಆ ಹೊತ್ತಿಗೆ ನಾನು ಪಾಠ ಮಾಡುತ್ತ ಬಹಳ ವರ್ಷವಾಗಿತ್ತು. ಒಳ್ಳೆಯ ಶಿಕ್ಷಕಿ ಎಂಬ ಹೆಸರೂ ಇತ್ತು, ಅದಕ್ಕೆ ತಕ್ಕಂತೆ ದುಡಿದಿದ್ದೆ ಕೂಡ. ಆದರೆ ಒಂದು ಮಗುವಿಗೆ ತಿಳಿದಿದೆಯೇ ಇಲ್ಲವೇ ಎಂಬುದನ್ನು ಇಷ್ಟು ಎಚ್ಚರದಿಂದ ಪರೀಕ್ಷಿಸುವುದನ್ನು ನಾನು ಎಲ್ಲಿಯೂ ನೋಡಿರಲಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಹತ್ತು ಮಕ್ಕಳು ಒಟ್ಟಿಗೆ ಉತ್ತರ ಕೂಗುತ್ತಾರೆ, ಪಾಠ ಮುಂದೆ ಹೋಗುತ್ತದೆ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಮೌನವಾಗಿರುವ ಮಕ್ಕಳೂ ಬಾಯಿ ತೆರೆಯುತ್ತಾರೆ ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಇದನ್ನು ನಾನು ಓದಿದ್ದು ಎಷ್ಟೋ ತಡವಾಗಿ. ಓದಿದಾಗ ನೆನಪಾದದ್ದು ಆ ತೋಟದ ಮನೆಯ ಮೌನ.

ಗೊತ್ತಿದ್ದ ಅಕ್ಷರಗಳನ್ನೇ ಮತ್ತೆ ಕಲಿತದ್ದು

ಮುಂದಿನದನ್ನು ಬೇಗ ಹೇಳುತ್ತೇನೆ. ವಿಶೇಷ ಶಿಕ್ಷಕರಾಗಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸ್ ಮುಗಿಸಿ ಅದರ ಕೇಂದ್ರ ನೋಂದಣಿಯಲ್ಲಿ ಹೆಸರು ದಾಖಲಿಸಿಕೊಳ್ಳಬೇಕು. 1992ರ ಕಾಯ್ದೆಯೇ ಹಾಗೆ ಹೇಳುತ್ತದೆ. ಅರ್ಜಿ, ಅನುಮತಿ, ಮನೆಯವರ ಒಪ್ಪಿಗೆ, ಇವೆಲ್ಲ ಎಲ್ಲರಿಗೂ ಇರುವಂಥವೇ. ಮತ್ತೆ ಬೆಂಚಿನ ಮೇಲೆ ಕುಳಿತೆ. ಜೊತೆಯಲ್ಲಿದ್ದವರು ಹೆಚ್ಚಿನವರು ನನ್ನ ಮಗಳ ವಯಸ್ಸಿನವರು.

ಅಲ್ಲಿ ನನ್ನನ್ನು ಹೆಚ್ಚು ಹಿಡಿದದ್ದು ಅಂಧರು ಬೆರಳಿನಿಂದ ಓದುವ ಉಬ್ಬು ಚುಕ್ಕಿಗಳ ಲಿಪಿ, ಬ್ರೈಲ್. ನಮ್ಮ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತಿ ಬ್ರೈಲ್ 1951ರಿಂದ ಇದೆ. ಆರೇ ಚುಕ್ಕಿಗಳಲ್ಲಿ ಇಡೀ ಕನ್ನಡ. ನಾವು ಕಾಗುಣಿತ ಎಂದು ಉರು ಹೊಡೆಸುವ ಗುಡಿಸು, ಕೊಂಬು, ಏತ್ವಗಳು ಅಲ್ಲಿ ಬೇರೆ ರೂಪದಲ್ಲಿ ಇಲ್ಲವೇ ಇಲ್ಲ. ಕಿ ಬರೆಯಬೇಕಾದರೆ ಕ ಬರೆದು ಪಕ್ಕದಲ್ಲಿ ಇ ಬರೆಯುವುದು. ಒಂದು ಮತ್ತು ಮೂರನೆಯ ಚುಕ್ಕಿ, ಆಮೇಲೆ ಎರಡು ಮತ್ತು ನಾಲ್ಕು. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಎಲ್ಲವೂ ಒಂದೇ ಸಾಲು. ಅಮ್ಮ ಎನ್ನುವುದಕ್ಕೆ ಅ, ಆಮೇಲೆ ಸ್ವರವಿಲ್ಲ ಎಂದು ತಿಳಿಸುವ ನಾಲ್ಕನೆಯ ಚುಕ್ಕಿ, ಆಮೇಲೆ ಮ, ಮತ್ತೊಂದು ಮ. ಸ್ಲೇಟಿನಲ್ಲಿ ಕಾಗದ ಸಿಕ್ಕಿಸಿ ಮೊಳೆಯಿಂದ ಬರೆಯುವಾಗ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು, ಕಾಗದ ಮಗುಚಿದಾಗ ಬೆರಳಿಗೆ ಸರಿಯಾಗಿ ಸಿಗುತ್ತದೆ. ಒಂದನೆಯ ತರಗತಿಗೆ ರ, ಗ, ಸ, ದ, ಅ ಎಂದು ನಲಿ-ಕಲಿಯ ಕ್ರಮದಲ್ಲಿ ವರ್ಷಗಟ್ಟಲೆ ಕಲಿಸಿದವಳು ನಾನು. ಕನ್ನಡದ ಒಂದು ಅಕ್ಷರದೊಳಗೆ ಎಷ್ಟು ಕೆಲಸ ಒಟ್ಟಿಗೆ ನಡೆಯುತ್ತದೆ ಎಂಬುದು ಬೆರಳಿನಿಂದ ಓದಲು ತಿಣುಕಿದಾಗ ಸ್ಪಷ್ಟವಾಯಿತು. ಕಣ್ಣಿನ ಬರಹದಲ್ಲಿ ವ್ಯಂಜನ, ಸ್ವರ, ಒತ್ತು ಒಂದರ ಮೈಮೇಲೊಂದು ಏರಿ ಕುಳಿತಿರುತ್ತವೆ. ಬ್ರೈಲ್ ಅವುಗಳನ್ನು ಬಿಡಿಸಿ ಇಡುತ್ತದೆ.

ಅದರ ಪ್ರಯೋಜನ ಸಿಕ್ಕಿದ್ದು ಕಣ್ಣು ಚೆನ್ನಾಗಿಯೇ ಕಾಣುವ ಒಬ್ಬ ನಾಲ್ಕನೆಯ ತರಗತಿಯ ಹುಡುಗನ ಜೊತೆ. ಅವನು ಸೂರ್ಯ ಎಂಬುದನ್ನು ಸೂಯರ ಎಂದು ಓದುತ್ತಿದ್ದ, ಕಾರ್ಯವನ್ನು ಕಾಯರ ಎಂದು. ಅಜಾಗರೂಕತೆ ಎಂದು ಅವನ ಪುಸ್ತಕದ ತುಂಬ ಕೆಂಪು ಗೆರೆ. ಆದರೆ ಅರ್ಕಾವೊತ್ತನ್ನು ನೋಡಿ: ಕಿವಿಗೆ ರ ಮೊದಲು ಬರುತ್ತದೆ, ಕಾಗದದ ಮೇಲೆ ಅದು ಯ ಆದ ಮೇಲೆ ಕುಳಿತಿದೆ. ಅವನು ಕಂಡದ್ದನ್ನು ಕಂಡ ಕ್ರಮದಲ್ಲಿ ಪ್ರಾಮಾಣಿಕವಾಗಿ ಓದುತ್ತಿದ್ದ. ದಪ್ಪ ರಟ್ಟಿನ ತುಂಡುಗಳಲ್ಲಿ ಸೂ, ರ್, ಯ ಎಂದು ಬ್ರೈಲಿನ ಹಾಗೆ ಒಂದೇ ಸಾಲಿನಲ್ಲಿ ಬಿಡಿಸಿ ಇಟ್ಟು, ಕಿವಿಗೆ ಕೇಳಿದ ಕ್ರಮದಲ್ಲಿ ಜೋಡಿಸಿ, ಆಮೇಲೆ ಅದೇ ಪದ ಪುಸ್ತಕದಲ್ಲಿ ಹೇಗೆ ರೂಪ ಬದಲಿಸುತ್ತದೆ ಎಂದು ತೋರಿಸುತ್ತ ಹೋದೆವು. ಒಂದು ದಿನದ ಪವಾಡವೇನೂ ಆಗಲಿಲ್ಲ. ಅವನು ಈಗಲೂ ನಿಧಾನವಾಗಿ ಓದುತ್ತಾನೆ. ಆದರೆ ತಪ್ಪು ತನ್ನ ಬುದ್ಧಿಯಲ್ಲಿಲ್ಲ, ಆ ಪದದ ಕಟ್ಟಡದಲ್ಲಿ ಒಂದು ತೊಡಕಿದೆ ಎಂದು ತಿಳಿದ ಮೇಲೆ ಪುಸ್ತಕವನ್ನು ಮುಚ್ಚಿಡುವುದನ್ನು ಬಿಟ್ಟ.

ಇಲ್ಲೊಂದು ಕಷ್ಟವಿದೆ, ಅದನ್ನು ಹೇಳಲೇಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ (ಓದು, ಬರಹ, ಲೆಕ್ಕದಂಥ ಕಲಿಕೆಯಲ್ಲಿ ಮಾತ್ರ ಬರುವ ತೊಡಕು) ಸೇರಿದೆ. 1995ರ ಹಳೆಯ ಕಾಯ್ದೆಯ ಏಳರಲ್ಲಿ ಅದು ಇರಲಿಲ್ಲ. ಮೂರನೆಯ ತರಗತಿಯಲ್ಲಿ ಅಥವಾ ಎಂಟನೆಯ ವಯಸ್ಸಿನಲ್ಲಿ, ಯಾವುದು ಮೊದಲೋ ಆಗ, ಶಾಲೆಯ ಶಿಕ್ಷಕರೇ ಮೊದಲ ತಪಾಸಣೆ ಮಾಡಬೇಕು ಎಂದು 2018ರ ಮಾರ್ಗಸೂಚಿ ಹೇಳಿತು. ಆದರೆ ಕನ್ನಡದಲ್ಲಿ 34 ವ್ಯಂಜನಗಳಿಗೆ ಕಾಗುಣಿತ ಹಾಕಿದರೇ ನಾನೂರು ದಾಟುತ್ತದೆ, ಒತ್ತಕ್ಷರಗಳು ಬೇರೆ. ಇಷ್ಟು ಅಕ್ಷರಗಳ ಮೇಲೆ ಹಿಡಿತ ಬರಲು ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ ಮೊದಲ ಎರಡು ವರ್ಷ ಸಾಲುವುದಿಲ್ಲ, ಕಲಿಕೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ ಎಂದು ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಹಾಗಾದರೆ ಮೂರನೆಯ ತರಗತಿಯಲ್ಲಿ ಒತ್ತಕ್ಷರ ತಪ್ಪುವ ಮಗುವನ್ನು ಏನೆಂದು ಕರೆಯುವುದು? ಅದು ನ್ಯೂನತೆಯೋ, ಇನ್ನೂ ಕಲಿಯುತ್ತಿರುವ ಸ್ಥಿತಿಯೋ? ಬೇಗ ಹಣೆಪಟ್ಟಿ ಕಟ್ಟಿದರೆ ಒಂದು ಅನ್ಯಾಯ, ತಡ ಮಾಡಿದರೆ ಇನ್ನೊಂದು. ಲೋಟವನ್ನು ಕೈ ಬದಲಿಸಿ ಹಿಡಿದು ಮತ್ತೆ ಕೇಳಿದರಲ್ಲ, ಆ ಎಚ್ಚರ ಇಲ್ಲಿ ಬೇಕು. ತಾಳ್ಮೆ, ಪ್ರೀತಿ ಎಷ್ಟಿದ್ದರೂ ಅದರಿಂದ ಈ ನಿರ್ಧಾರ ಹೊರಡುವುದಿಲ್ಲ.

ಕರುಣೆಯ ಬಗ್ಗೆ ನನ್ನ ಜಗಳ

ನಮ್ಮನ್ನು ಹೊಗಳುವವರ ಮನಸ್ಸು ಒಳ್ಳೆಯದು, ಅದರ ಬಗ್ಗೆ ನನಗೆ ಸಂದೇಹವಿಲ್ಲ. ಆದರೂ ಆ ಹೊಗಳಿಕೆ ನನ್ನನ್ನು ಕಾಡುತ್ತದೆ. ಈ ಕೆಲಸವನ್ನು ಪುಣ್ಯವೆಂದು ಒಪ್ಪಿಕೊಂಡ ಮೇಲೆ ಅದನ್ನು ಮಾಡುವವರಿಗೆ ಕಾಯಂ ಹುದ್ದೆ ಯಾಕೆ, ಪೂರ್ತಿ ಸಂಬಳ ಯಾಕೆ, ತರಬೇತಿಗೆ ಎರಡು ವರ್ಷ ಯಾಕೆ ಎಂಬ ಪ್ರಶ್ನೆಗಳು ಸಹಜವಾಗಿ ಹುಟ್ಟುತ್ತವೆ. ಒಳ್ಳೆಯ ಮನಸ್ಸಿನ ಯಾರಾದರೂ ಸಾಕಲ್ಲ! ದೇಶದ ಎಷ್ಟೋ ಕಡೆ ವಿಶೇಷ ಶಿಕ್ಷಕರು ವರ್ಷ ವರ್ಷ ಗುತ್ತಿಗೆ ನವೀಕರಿಸಿಕೊಂಡು, ಗೌರವಧನ ಎಂಬ ಹೆಸರಿನ ಸಣ್ಣ ಮೊತ್ತಕ್ಕೆ ದುಡಿಯುತ್ತಿರುವುದರ ಹಿಂದೆ ಈ ಭಾವನೆಯೂ ಇದೆ ಎಂದೇ ನನ್ನ ನಂಬಿಕೆ. ಅವರು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರಿನಲ್ಲಿ ತೀರ್ಪು ಬಂತು, ಆಮೇಲೆ ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಎಂಬ ಪ್ರಮಾಣ ನಿಗದಿಯಾಯಿತು. 2025ರ ಮಾರ್ಚಿನಲ್ಲಿ ನ್ಯಾಯಾಲಯ ಮತ್ತೆ, ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚನೆ ಹೊರಡಿಸಿ ಎಂದು ಎಲ್ಲ ರಾಜ್ಯಗಳಿಗೆ ಹೇಳಬೇಕಾಯಿತು. ಒಂದು ಇಡೀ ತಾಲ್ಲೂಕನ್ನು ಬೆರಳೆಣಿಕೆಯ ಜನ ಸುತ್ತುವ ಕಡೆ ಕೆಲಸ ಮಾಡಿದವರಿಗೆ ಹತ್ತಕ್ಕೆ ಒಬ್ಬರು ಎಂಬುದನ್ನು ಓದುವಾಗ ಕಣ್ಣು ತುಂಬುತ್ತದೆ.

ಕರುಣೆಯ ಇನ್ನೊಂದು ತೊಂದರೆ ಮಗುವಿನ ಕಡೆಯದು. ಪಾಪ ಎಂದುಕೊಂಡ ಕೂಡಲೇ ನಾವು ಅದರಿಂದ ಕಡಿಮೆ ನಿರೀಕ್ಷಿಸತೊಡಗುತ್ತೇವೆ. ಹಾಗೆ ಮಾಡದವರು ನಮ್ಮಲ್ಲಿ ಇಲ್ಲದಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಅಲ್ಲಿಗೆ ಬಂದ ಅಂಧ ಮಕ್ಕಳಿಗೆ ಅನ್ನವೂ ಆಶ್ರಯವೂ ಸಿಕ್ಕಿತು, ನಿಜ. ಆದರೆ ನಾಡಿನ ಕಛೇರಿಗಳಿಗೆ ಅಷ್ಟು ಮಂದಿ ಗಾಯಕರು, ವಾದಕರು ಅಲ್ಲಿಂದ ಬಂದದ್ದು ಬರೀ ಆಶ್ರಯದಿಂದಲ್ಲ. ಶ್ರುತಿ ತಪ್ಪಿದರೆ ತಪ್ಪು, ಮತ್ತೆ ಹಾಡು ಎನ್ನುವ ಗುರು ಇಲ್ಲದೆ ಸಂಗೀತ ಯಾರಿಗೂ ಒಲಿಯುವುದಿಲ್ಲ. ಕಣ್ಣಿಲ್ಲದ ಗುರುವಿಗೆ ಕಣ್ಣಿಲ್ಲದ ಶಿಷ್ಯ ಏನನ್ನು ಮುಟ್ಟಬಲ್ಲ ಎಂಬುದು ತನ್ನ ಅನುಭವದಿಂದಲೇ ತಿಳಿದಿತ್ತು. ವಿಶೇಷ ಶಿಕ್ಷಕರ ತರಬೇತಿಯಲ್ಲಿ ವೈಕಲ್ಯವಿರುವ ಶಿಕ್ಷಕರು ಇನ್ನೂ ಹೆಚ್ಚು ಇರಬೇಕು ಎಂದು ನಾನು ಎಲ್ಲೆಡೆ ವಾದಿಸುವುದು ಇದೇ ಕಾರಣಕ್ಕೆ.

ತಮ್ಮ ಮಗುವಿನ ಸಲುವಾಗಿಯೇ ಈ ವಿದ್ಯೆ ಕಲಿತ ತಾಯಂದಿರನ್ನು ನಾನು ಬಲ್ಲೆ, ನನ್ನ ಜೊತೆಗಾರ್ತಿಯರಲ್ಲಿ ಕೆಲವರು ಅಂಥವರೇ. ಅವರ ಕಾರಣ ನನ್ನದಕ್ಕಿಂತ ಆಳವಾದದ್ದು. ಆದರೆ ಅವರಲ್ಲಿ ಒಬ್ಬರು ಹೇಳಿದ ಮಾತು ನನಗೆ ಸರಿ ಕಂಡಿತು: ನನ್ನ ಮಗನ ಮೇಲಿನ ಪ್ರೀತಿ ನನ್ನನ್ನು ಬಾಗಿಲವರೆಗೆ ತಂದಿತು ಮೇಡಂ, ಬೇರೆಯವರ ಮಕ್ಕಳ ಜೊತೆ ದಿನವೂ ಕೂರಲು ಅದೊಂದೇ ಸಾಕಾಗಲಿಲ್ಲ, ಕೆಲಸದಲ್ಲಿ ರುಚಿ ಹತ್ತಬೇಕಾಯಿತು.

ಈಗ ಕೈಯಲ್ಲಿರುವುದು

ಈಗ ನನ್ನನ್ನು ಕಾಡುತ್ತಿರುವುದು ಒಬ್ಬ ಎರಡನೆಯ ತರಗತಿಯ ಹುಡುಗಿ. ಎರಡೂ ಕಿವಿಗೆ ಶ್ರವಣ ಸಾಧನವಿದೆ, ತಡವಾಗಿ ಸಿಕ್ಕಿತು. ನಾಮಪದಗಳು ಬೇಕಾದಷ್ಟಿವೆ, ಆದರೆ ‘ಅಮ್ಮ ಅಂಗಡಿ ಹೋದ’ ಎನ್ನುತ್ತಾಳೆ. ಅಂಗಡಿಗೆ ಎಂಬುದರ ಗೆ ಇಲ್ಲ, ಹೋದಳು ಎಂಬುದರ ಳು ಇಲ್ಲ. ಕನ್ನಡದಲ್ಲಿ ಯಾರು, ಎಲ್ಲಿಗೆ, ಯಾರಿಂದ, ಯಾರಿಗೆ ಎಂಬುದೆಲ್ಲ ಪದದ ಬಾಲದಲ್ಲಿದೆ, ಮಾತಾಡುವಾಗ ನಮ್ಮ ದನಿ ಇಳಿಯುವುದೂ ಅಲ್ಲಿಯೇ. ಅವಳ ಕಿವಿಗೆ ಮೊದಲು ಕಳೆದುಹೋಗುವುದು ಆ ಬಾಲ. ತರಬೇತಿಯ ಪುಸ್ತಕಗಳಲ್ಲಿರುವ ಅಭ್ಯಾಸಗಳು ಹೆಚ್ಚಿನವು ಇಂಗ್ಲಿಷಿಗಾಗಿ ಮಾಡಿದವು. ಅಲ್ಲಿ ಒಳಗೆ, ಮೇಲೆ, ಕಡೆಗೆ ಎಂಬುವು ಬಿಡಿ ಪದಗಳಾಗಿ ನಾಮಪದಕ್ಕಿಂತ ಮೊದಲೇ ಬರುತ್ತವೆ, ಬೆರಳಿಟ್ಟು ತೋರಿಸಬಹುದು. ನಮಗೆ ಆ ದಾರಿ ಇಲ್ಲ.

ಸದ್ಯ ನಾನು ಮತ್ತು ನನ್ನ ಸಹೋದ್ಯೋಗಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟುಕೊಂಡಿದ್ದೇವೆ. ಹುಣಸೆ ಬೀಜವನ್ನು ಪೆಟ್ಟಿಗೆಗೆ ಹಾಕು, ಪೆಟ್ಟಿಗೆಯಲ್ಲಿ ಹುಡುಕು, ಪೆಟ್ಟಿಗೆಯಿಂದ ತೆಗೆ. ಪ್ರತ್ಯಯ ತಪ್ಪಿ ಕೇಳಿಸಿಕೊಂಡರೆ ಆಟವೇ ತಪ್ಪುವಂತೆ ಮಾಡಿದ್ದೇವೆ. ಪದದ ಮೊದಲ ಭಾಗ ಕಪ್ಪು ಕಾರ್ಡಿನಲ್ಲಿ, ಪ್ರತ್ಯಯ ಹಳದಿ ಕಾರ್ಡಿನಲ್ಲಿ ಬರೆದು ಓದಿನ ಮೂಲಕವೂ ಪ್ರಯತ್ನ ನಡೆದಿದೆ. ಇಂದ ಎಂಬುದು ಅವಳಿಗೆ ಹಿಡಿದಂತಿದೆ, ಗೆ ಇನ್ನೂ ಜಾರುತ್ತಿದೆ. ಅದು ಕಿವಿಗೆ ಬೀಳುತ್ತಿಲ್ಲವೋ, ಬಿದ್ದರೂ ಅರ್ಥವಾಗುತ್ತಿಲ್ಲವೋ ಬೇರ್ಪಡಿಸಲು ಮುಂದಿನ ವಾರ ಅವಳ ಶ್ರವಣ ತಜ್ಞರ ಬಳಿ ಕೂತು ಯಾವ ಸದ್ದು ಎಷ್ಟು ಕೇಳುತ್ತದೆ ಎಂದು ತೋರಿಸುವ ಅವಳ ಆಡಿಯೋಗ್ರಾಂ ನೋಡಬೇಕಿದೆ. ಶ್ರವಣದೋಷವಿರುವ ಮಕ್ಕಳಿಗೆ ಕನ್ನಡದ ವಿಭಕ್ತಿ ಕಲಿಸಿದ ಶಿಕ್ಷಕರು, ತಾಯಂದಿರು ಇದನ್ನು ಓದುತ್ತಿದ್ದರೆ, ಯಾವ ಪ್ರತ್ಯಯವನ್ನು ಮೊದಲು ಕೈಗೆತ್ತಿಕೊಂಡಿರಿ, ಲಿಂಗದ ಗುರುತನ್ನು ಕ್ರಿಯಾಪದದಲ್ಲಿ ಯಾವಾಗ ತಂದಿರಿ ಎಂದು ದಯವಿಟ್ಟು ಬರೆದು ತಿಳಿಸಿ.